ಯಾಕೆ ಎಂದು ಕೇಳದವರ ಕೂಟ

ಭಾನುವಾರ ಬೆಳಿಗ್ಗೆ ಫ್ಲಾಸ್ಕಿಗೆ ಚಹಾ ಸುರಿಯುವಾಗಲೇ ಟೈಲರಮ್ಮ ತೀರ್ಮಾನ ಮಾಡಿಬಿಟ್ಟಿದ್ದಳು. ಸಾಕು, ಇವತ್ತಿಗೆ ಮುಗೀತು. ಇವತ್ತು ಎಲ್ಲರ ಮುಂದೆ 'ಇನ್ನು ನನ್ನ ಕೈಲಾಗೋದಿಲ್ಲ' ಅಂತ ಹೇಳಿ, ಕೀಲಿಕೈಯನ್ನು ಯಾರ ಕೈಗಾದರೂ ಹಾಕಿ, ಯಾರೂ ಕೈ ಚಾಚದಿದ್ದರೆ ಹಲ್ಲಿನ ಡಾಕ್ಟರಿಗೇ ವಾಪಸು ಕೊಟ್ಟು, ಸೀದಾ ಮನೆಗೆ ಬಂದು ಗಂಡನ ಪಕ್ಕದಲ್ಲಿ ಕಾಲು ಚಾಚಿ ಕೂರುವುದು. ಹಾಗೆ ಕೂತು ಎಷ್ಟು ಕಾಲವಾಗಿತ್ತೋ ಅವಳಿಗೇ ನೆನಪಿರಲಿಲ್ಲ.

ಗಂಡನಿಗೆ ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಅವನು ಮನೆಗೆ ಬರುವಾಗ ಇವಳು ಅಂಗಡಿಗೆ ಹೊರಟಿರುತ್ತಾಳೆ. ಇವಳು ಬರುವಾಗ ಅವನು ಬೂಟಿನ ಲೇಸು ಕಟ್ಟುತ್ತಿರುತ್ತಾನೆ. ವಾರದ ಆರು ದಿನವೂ ಅವರ ಸಂಸಾರ ನಡೆಯುತ್ತಿದ್ದದ್ದು ಬಾಗಿಲ ಬಳಿಯೇ. 'ಹಾಲು ಮುಗಿದಿದೆ', 'ನಲ್ಲಿ ಸೋರ್ತಿದೆ', 'ಬೆನ್ನು ಹೇಗಿದೆ', 'ಹಾಗೇ ಇದೆ' — ಇಷ್ಟೇ ಮಾತು. ಉಳಿದಿದ್ದು ಭಾನುವಾರ ಒಂದೇ. ಆ ಒಂದನ್ನೂ ಟೈಲರಮ್ಮ ಮೂರು ವರ್ಷದ ಹಿಂದೆ ಕೈಯಾರೆ ಊರಿನವರಿಗೆ ಎತ್ತಿಕೊಟ್ಟಿದ್ದಳು. ಬೆಳಗೆಲ್ಲ ಕೂಟ, ಅದು ಮುಗಿದ ಮೇಲೆ ಹೇಗೂ ಹೊರಗೆ ಬಂದಾಗಿದೆಯಲ್ಲ ಅಂತ ಅಂಗಡಿಯಲ್ಲಿ ಉಳಿದುಹೋದ ಕೆಲಸ. ಸಂಜೆ ಮನೆ ಸೇರುವಾಗ ಗಂಡ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದ. ರಾತ್ರಿ ಅವನು ಏಳುವ ಹೊತ್ತಿಗೆ ಇವಳಿಗೆ ಕೂತಲ್ಲೇ ತೂಕಡಿಕೆ. ಒಂದೇ ಸೂರಿನಡಿ ಇದ್ದೂ ಇಬ್ಬರೂ ಸರದಿಯ ಮೇಲೆ ಎಚ್ಚರವಿರುತ್ತಿದ್ದರು.

ಎಲ್ಲ ಶುರುವಾದದ್ದು ಬೆನ್ನುನೋವಿನಿಂದ. ಬೆನ್ನು ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದರೆ, "ಗಂಟೆಗೊಂದು ಸಲ ಮೆಷಿನ್ ಬಿಟ್ಟು ಎದ್ದು ನಾಲ್ಕು ಹೆಜ್ಜೆ ಓಡಾಡಿ. ಅಭ್ಯಾಸ ಮಾಡ್ಕೊಳ್ಳಿ" ಅಂದರು. ಹೇಳುವವರಿಗೇನು ಹೋಗಬೇಕು? ಒಂದು ಪ್ಯಾಂಟಿನ ಅಂಚು ಮಡಿಸಲು ಕೂತವಳು ತಲೆ ಎತ್ತುವಾಗ ಬೀದಿದೀಪ ಹತ್ತಿರುತ್ತಿತ್ತು. ಇದನ್ನು ಗಿರಾಕಿಗಳ ಮುಂದೆ ತೋಡಿಕೊಂಡರೆ ಅವರೂ ತಂತಮ್ಮ ಪುರಾಣ ಬಿಚ್ಚಿದರು. ಒಬ್ಬರಿಗೆ ಬೆಳಿಗ್ಗೆ ಏಳಲಾಗುವುದಿಲ್ಲ, ಇನ್ನೊಬ್ಬರಿಗೆ ಸಿಗರೇಟು ಬಿಡಲಾಗುವುದಿಲ್ಲ, ಮತ್ತೊಬ್ಬರಿಗೆ ಕೋಪ ತಡೆಯಲಾಗುವುದಿಲ್ಲ. "ಒಬ್ಬೊಬ್ಬರೇ ಒದ್ದಾಡೋ ಬದಲು ವಾರಕ್ಕೊಂದು ಸಲ ಸೇರೋಣ. ಒಬ್ಬರ ಮುಖ ಒಬ್ಬರು ನೋಡಿದ್ರೆ ನಾಚಿಕೆಗಾದ್ರೂ ಮಾಡ್ತೀವಿ" ಅಂತ ಅವಳೇ ಬಾಯಿಬಿಟ್ಟಳು. ಬಾಯಿಬಿಟ್ಟವಳ ಕೊರಳಿಗೇ ಬಿತ್ತು. ಗಂಡನಿಗೆ, "ಬರೀ ಎರಡು ತಿಂಗಳು ಕಣ್ರೀ, ಒಂದು ದಾರಿಗೆ ಬಂದ್ಮೇಲೆ ಅವರೇ ನೋಡ್ಕೊಳ್ತಾರೆ" ಅಂದಿದ್ದಳು. ಅವರೇ ನೋಡಿಕೊಳ್ಳುವುದೆಂದರೇನು? ಶನಿವಾರ ಸಂಜೆ ಎಲ್ಲರಿಗೂ ಫೋನ್ ಮಾಡಿ ನೆನಪಿಸುವವಳು ಇವಳು, ಬಾಗಿಲು ತೆಗೆಯುವವಳು ಇವಳು, ಕಸ ಹೊಡೆಯುವವಳು ಇವಳು, ಚಹಾ ಹೊರುವವಳು ಇವಳು, ಬಾರದವರ ಮನೆ ಬಾಗಿಲು ತಟ್ಟುವವಳೂ ಇವಳೇ.

ಮೊದಲ ಕೆಲವು ವಾರ ಕೂಟ ಸಂತೆಯಾಗಿತ್ತು. ಯಾರಾದರೂ 'ನನಗೆ ಈ ವಾರ ನಡೆಯೋಕಾಗ್ಲಿಲ್ಲ' ಅಂದರೆ ಸಾಕು, ಉಳಿದವರೆಲ್ಲ ಅವರ ಮೇಲೆ ಮುಗಿಬೀಳುವರು. ಯಾಕಾಗಲಿಲ್ಲ? ರಾತ್ರಿ ಬೇಗ ಮಲಗಬೇಕು. ಬಿಸಿನೀರು ಕುಡಿಯಬೇಕು. ನಮ್ಮ ಭಾವ ಹೀಗೇ ಮಾಡಿ ಆಸ್ಪತ್ರೆ ಸೇರಿದ. ಸಲಹೆ ಕೇಳಿ ಕೇಳಿ ಕಿವಿ ತೂತಾದವರು ಮುಂದಿನ ವಾರ ನಾಪತ್ತೆ. ಟೈಲರಮ್ಮನಿಗೆ ಒಂದು ದಿನ ರೇಗಿಹೋಯಿತು. "ಇನ್ಮೇಲೆ ಇಲ್ಲಿ ಎರಡೇ ಮಾತು. ಆಯ್ತು, ಇಲ್ಲಾ ಆಗ್ಲಿಲ್ಲ. ಆಯ್ತು ಅಂದ್ರೆ ಸಂತೋಷ. ಆಗ್ಲಿಲ್ಲ ಅಂದ್ರೆ ಎಲ್ರೂ 'ಮುಂದಿನ ವಾರ ನೋಡೋಣ' ಅನ್ನಿ. ಯಾಕೆ ಅಂತ ಯಾರಾದ್ರೂ ಕೇಳಿದ್ರೋ, ಅವರ ಬಾಯಿ ಹೊಲಿದುಹಾಕ್ತೀನಿ" ಅಂದಳು. ಹೊಲಿಯುವವಳೇ ಹೇಳಿದ ಮೇಲೆ ಯಾರು ತಾನೇ ಮಾತಾಡುತ್ತಾರೆ. ಅಂದಿನಿಂದ ಕೂಟ ಗಟ್ಟಿಯಾಗಿ ನೆಲೆನಿಂತಿತು. ಯಾಕೆ ಎಂದು ಕೇಳದಿರುವುದೇ ಅದರ ಹೆಮ್ಮೆಯಾಯಿತು.

ಗಂಡ ಆಗಷ್ಟೇ ಪಾಳಿ ಮುಗಿಸಿ ಬಂದು, ಕೈಕಾಲು ತೊಳೆದು, ಮಂಚದ ತುದಿಯಲ್ಲಿ ಕೂತಿದ್ದ. ಮೊದಮೊದಲು ಪ್ರತಿ ಭಾನುವಾರ, "ಇವತ್ತೂ ಹೋಗ್ಲೇಬೇಕಾ?" ಅಂತ ಕೇಳುತ್ತಿದ್ದ. ಒಂದು ಸಲವಂತೂ, "ನಿನ್ನ ಮುಖ ನೋಡ್ಬೇಕು ಅಂದ್ರೆ ನಾನೂ ಒಂದು ಕೆಟ್ಟ ಚಟ ಕಲಿತು ಆ ಕೂಟಕ್ಕೇ ಬರ್ಬೇಕೇನೋ" ಅಂತ ನಕ್ಕಿದ್ದ. ಆ ನಗುವಿನಲ್ಲಿ ಮುಳ್ಳಿತ್ತು. ಅದು ಗೊತ್ತಾದರೂ ಗೊತ್ತಾಗದವಳ ಹಾಗೆ ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದಳು. ಈಚೆಗೆ ಅವನು ಕೇಳುವುದನ್ನೇ ಬಿಟ್ಟಿದ್ದ. ಸದ್ಯ, ಒಂದು ತಲೆನೋವು ತಪ್ಪಿತು ಅಂತ ಮೊದಲು ಅನಿಸಿತ್ತು. ಆಮೇಲಾಮೇಲೆ ಆ ಮೌನವೇ ಅವಳನ್ನು ಒಳಗೊಳಗೇ ಕೊರೆಯತೊಡಗಿತು. ಜಗಳವಾಡುವ ಗಂಡನನ್ನು ಹೇಗಾದರೂ ಸಂಭಾಳಿಸಬಹುದು. ಕೇಳುವುದನ್ನೇ ಬಿಟ್ಟವನನ್ನು ಏನು ಮಾಡುವುದು?

"ಹೋಗಿ ಬರ್ತೀನಿ ರೀ" ಅಂದಳು.

"ಹೂಂ" ಅಂದ, ತಲೆ ಎತ್ತದೆ.

ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಬಿಡುತ್ತೇನೆ, ಬಿಡುತ್ತೇನೆ ಅಂತ ಅದೆಷ್ಟು ಸಲ ಹೇಳಿ ಮಾತು ತಪ್ಪಿದ್ದಳೋ ಲೆಕ್ಕವಿಲ್ಲ. ಈ ಸಲ ಬಿಟ್ಟು ಬಂದ ಮೇಲೇ ಹೇಳುವುದು. ಮಧ್ಯಾಹ್ನದೊಳಗೆ ಬಂದುಬಿಟ್ಟರೆ ಅವನ ಮುಖ ಹೇಗಾಗುತ್ತದೆ ಅಂತ ನೆನೆದುಕೊಂಡು, ಮೆಟ್ಟಿಲಿಳಿಯುವಾಗ ಅವಳಿಗೆ ಆ ಸುಸ್ತಿನಲ್ಲೂ ಸಣ್ಣಗೆ ನಗು ಬಂತು.

ಕೂಟ ಸೇರುತ್ತಿದ್ದದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹೊರಕೋಣೆಯಲ್ಲಿ. ಭಾನುವಾರ ಕ್ಲಿನಿಕ್ ರಜೆ. ಕಸ ಹೊಡೆದು, ಕುಂಡಗಳಿಗೆ ನೀರು ಹಾಕುವ ಕರಾರಿನ ಮೇಲೆ ಡಾಕ್ಟರು ಕೀಲಿಕೈ ಕೊಟ್ಟಿದ್ದರು. ಒಂದಕ್ಕೊಂದು ಅಂಟಿಕೊಂಡ ಪ್ಲಾಸ್ಟಿಕ್ ಕುರ್ಚಿಗಳ ಎರಡು ಸಾಲು. ಗೋಡೆಯ ಮೇಲೆ, ಸೀಳಿ ತೋರಿಸಿದ ದೊಡ್ಡದೊಂದು ದವಡೆ ಹಲ್ಲಿನ ಚಿತ್ರ. ಎಷ್ಟು ಕಿಟಕಿ ತೆರೆದರೂ ಹೋಗದ ಔಷಧಿಯ ವಾಸನೆ. ಆ ಹಲ್ಲಿನ ಕೆಳಗೆ ಕೂತು ಜನ ತಮ್ಮ ಚಟಗಳ ಲೆಕ್ಕ ಒಪ್ಪಿಸುತ್ತಿದ್ದರು.

ಎಲ್ಲರಿಗಿಂತ ಮೊದಲು ಬಂದವರು ಕ್ಯಾಷಿಯರ್ ಮಾವ. ಬ್ಯಾಂಕಿನಿಂದ ನಿವೃತ್ತರಾದವರು, ದಿನಕ್ಕೆ ಹತ್ತು ಪುಟ ಓದುವುದು ಅವರ ಅಭ್ಯಾಸ. ಪುಸ್ತಕಕ್ಕಿಂತ ಅವರಿಗೆ ಆಸೆ ಇದ್ದದ್ದು ಸಮಿತಿಯ ಮೇಲೆ. ಕೂಟಕ್ಕೊಂದು ಬ್ಯಾನರ್ ಬೇಕು, ಅಧ್ಯಕ್ಷರು ಬೇಕು, ಉಪಾಧ್ಯಕ್ಷರಂತೂ ಬೇಕೇ ಬೇಕು ಅಂತ ವಾರವಾರವೂ ಸೂಚಿಸುತ್ತಿದ್ದರು. ಅವರ ಹಿಂದೆಯೇ ಡ್ರೈವಿಂಗ್ ಮೇಡಂ ಬಂದಳು. ಕಾರು ಕಲಿಸುವುದು ಅವಳ ವೃತ್ತಿ. ದಿನವಿಡೀ ಕಲಿಯುವವರ ಪಕ್ಕದಲ್ಲಿ ಹಲ್ಲು ಕಚ್ಚಿಕೊಂಡು ತಾಳ್ಮೆಯಿಂದ ಕೂತು, ಆ ಸಿಟ್ಟನ್ನೆಲ್ಲ ಮನೆಗೆ ಹೋಗಿ ಮಕ್ಕಳ ಮೇಲೆ ಕಾರುತ್ತಿದ್ದಳು. ಮನೆಯಲ್ಲಿ ಕೂಗಾಡದಿರುವುದು ಅವಳ ಅಭ್ಯಾಸ. ಆಮೇಲೆ ಕ್ಲಿನಿಕ್ಕಿನಲ್ಲೇ ಕೆಲಸ ಮಾಡುವ ಹುಡುಗಿ ಆಕಳಿಸುತ್ತ ಬಂದಳು. ಹಾಸಿಗೆಗೆ ಫೋನ್ ಒಯ್ಯದಿರುವುದು ಅವಳದು. ಇನ್ನೂ ನಾಲ್ಕೈದು ಮಂದಿ ಬಂದರು. ಕೊನೆಗೆ ಲಿಫ್ಟಣ್ಣ ಬಂದು, ಎಂದಿನಂತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ.

ಲಿಫ್ಟಣ್ಣ ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟು ರಿಪೇರಿ ಮಾಡುವವನು. ಮಾತು ಕಡಿಮೆ. 'ದಿನಾ ಸಂಜೆ ಹೆಂಡತಿ ಜೊತೆ ಒಂದು ಸುತ್ತು ನಡೆಯೋದು' ಅಂತ ಅಭ್ಯಾಸ ಇಟ್ಟುಕೊಂಡಿದ್ದ. ಮೊದಮೊದಲು ಒಂದು ವಾರ ಆಯ್ತು, ಒಂದು ವಾರ ಆಗ್ಲಿಲ್ಲ ಅನ್ನುತ್ತಿದ್ದವನು ಈಚೀಚೆಗೆ ಬರೀ ಆಗ್ಲಿಲ್ಲ ಅನ್ನತೊಡಗಿದ್ದ. ಎಂಥ ಸೋಮಾರಿಯಪ್ಪಾ, ಬೆಟ್ಟ ಹತ್ತು ಅಂದಿದ್ದಾರಾ, ಹೆಂಡತಿ ಜೊತೆ ಒಂದು ಸುತ್ತು ನಡೆಯೋಕೆ ಏನು ಧಾಡಿ ಅಂತ ಟೈಲರಮ್ಮ ಮನಸ್ಸಿನಲ್ಲೇ ಬೈದುಕೊಂಡದ್ದಿದೆ. ಬಾಯಲ್ಲಿ ಮಾತ್ರ 'ಮುಂದಿನ ವಾರ ನೋಡೋಣ' ಅನ್ನುತ್ತಿದ್ದಳು.

ಸರದಿ ಶುರುವಾಯಿತು.

"ಆಯ್ತು" ಅಂದರು ಕ್ಯಾಷಿಯರ್ ಮಾವ. "ಹತ್ತಲ್ಲ, ಹನ್ನೆರಡು ಪುಟ. ಅದರಲ್ಲೂ..."

"ಮಾವ, ಎರಡೇ ಮಾತು" ಅಂದಳು ಟೈಲರಮ್ಮ.

"ಸರಿ ಸರಿ. ಆಯ್ತು."

"ಆಗ್ಲಿಲ್ಲ" ಅಂದಳು ಡ್ರೈವಿಂಗ್ ಮೇಡಂ. "ಪಕ್ಕದ ಮನೆಯವರಿಗೂ ಕೇಳಿಸಿತು."

"ಮುಂದಿನ ವಾರ ನೋಡೋಣ" ಅಂತ ಎಲ್ಲರೂ ಒಟ್ಟಿಗೆ ಅಂದರು.

ಫೋನ್ ಹುಡುಗಿಯದು ಆಯ್ತು. ಇನ್ನುಳಿದವರದ್ದೂ ಹಾಗೂ ಹೀಗೂ ಮುಗಿಯಿತು.

"ಆಗ್ಲಿಲ್ಲ" ಅಂದ ಲಿಫ್ಟಣ್ಣ.

"ಮುಂದಿನ ವಾರ ನೋಡೋಣ."

ಟೈಲರಮ್ಮನ ಸರದಿ ಕೊನೆಯದು. ಅವಳ ಸರದಿ ಬರುವಷ್ಟರಲ್ಲಿ ಯಾವಾಗಲೂ ಅರ್ಧ ಜನ ಚಪ್ಪಲಿ ಹುಡುಕುತ್ತಿರುತ್ತಾರೆ, ಇನ್ನರ್ಧ ಜನ ಚಹಾದ ಲೋಟಕ್ಕೆ ಕೈ ಚಾಚಿರುತ್ತಾರೆ. ಇವತ್ತು ಅವಳು ಎದ್ದು ನಿಂತಳು. ಮಂಡಿ ಕಟಕ್ಕೆಂದಿತು.

"ನನ್ನದೂ ಆಗ್ಲಿಲ್ಲ. ಆಗೋದೂ ಇಲ್ಲ. ನೋಡಿ, ನನಗೆ ಸಾಕಾಗಿದೆ. ಜೀವ ಹೈರಾಣಾಗಿದೆ. ವಾರವಿಡೀ ಮೆಷಿನ್ ತುಳೀತೀನಿ, ಶನಿವಾರ ನಿಮಗೆಲ್ಲ ಫೋನ್ ಮಾಡ್ತೀನಿ, ಭಾನುವಾರ ಇಲ್ಲಿ ಬಂದು ಕಸ ಹೊಡೀತೀನಿ. ಮನೇಲಿ ನನ್ನ ಗಂಡ ಇದ್ದಾರೆ ಅನ್ನೋದೇ ಮರೆತುಹೋಗಿದೆ. ಇವತ್ತಿಗೆ ನಾನು ಬಿಟ್ಟೆ. ಯಾರಾದ್ರೂ ನಡೆಸ್ತೀರಾ ಅಂದ್ರೆ ಕೀಲಿಕೈ ತಗೊಳ್ಳಿ. ಇಲ್ಲಾಂದ್ರೆ ನಾಳೆ ಡಾಕ್ಟರಿಗೆ ವಾಪಸ್ ಕೊಡ್ತೀನಿ."

ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಅಷ್ಟರ ಮಟ್ಟಿಗೆ ಅಭ್ಯಾಸ ಗಟ್ಟಿಯಾಗಿತ್ತು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಹೀಗೆ ನಡುನೀರಲ್ಲಿ ಕೈಬಿಟ್ಟರೆ ಹೇಗೆ ಅಂದರು. ನೀವಿಲ್ಲದೆ ನಡೆಯುವುದುಂಟೆ ಅಂದರು. ಇಷ್ಟೆಲ್ಲ ಅಂದವರಲ್ಲಿ ಒಬ್ಬರೂ ಮೇಜಿನ ಮೇಲಿದ್ದ ಕೀಲಿಕೈಯ ಕಡೆಗೆ ಕಣ್ಣು ಹಾಯಿಸಲಿಲ್ಲ. ಕ್ಯಾಷಿಯರ್ ಮಾವ ಗಂಟಲು ಸರಿಮಾಡಿಕೊಂಡು, "ಇದಕ್ಕೇ ನಾನು ಸಮಿತಿ ಬೇಕು ಅಂದಿದ್ದು. ಒಂದು ಉಪಸಮಿತಿ ಮಾಡಿ, ಅದು ಪರಿಶೀಲಿಸಿ..." ಅಂತ ಶುರುಮಾಡಿದರು.

"ನೀವು ಕೀಲಿಕೈ ತಗೋತೀರಾ ಮಾವ?" ಅಂದಳು ಟೈಲರಮ್ಮ.

"ಭಾನುವಾರ ಮೊಮ್ಮಕ್ಕಳು ಬರ್ತಾರಮ್ಮ."

"ಹಾಗಾದ್ರೆ ಉಪಸಮಿತಿ ಯಾಕ್ರೀ ಬೇಕು ನಿಮಗೆ? ಬಾಗಿಲು ತೆಗೆಯೋರಿಲ್ಲ, ಬ್ಯಾನರ್ ಅಂತೆ!" ಅಂತ ಡ್ರೈವಿಂಗ್ ಮೇಡಂ ಗೋಡೆಯ ಹಲ್ಲು ಅದುರುವ ಹಾಗೆ ಕೂಗಿದಳು. ಕೂಗಿ, ನಾಲಿಗೆ ಕಚ್ಚಿಕೊಂಡು ಕೂತಳು.

ಅಲ್ಲಿಗೆ ಮುಗಿಯಿತು. ಒಬ್ಬೊಬ್ಬರೇ ಬಂದು ಟೈಲರಮ್ಮನ ಕೈ ಹಿಡಿದು, ಅಂಗಡಿಗೆ ಬರ್ತಾ ಇರ್ತೀವಿ, ಆರೋಗ್ಯ ನೋಡ್ಕೊಳ್ಳಿ ಅಂತ ಹೇಳಿ ಹೋದರು. ಫೋನ್ ಹುಡುಗಿ ಮಾತ್ರ ಸ್ವಲ್ಪ ಅತ್ತಳು. ಕೂಟ ಮುಚ್ಚಿದರೆ ಭೂಮಿ ಬಿರಿಯುತ್ತದೆ ಅಂದುಕೊಂಡಿದ್ದಳು ಟೈಲರಮ್ಮ. ಖಾಲಿ ಲೋಟಗಳನ್ನು ಬಿಟ್ಟರೆ ಏನೂ ಉಳಿಯಲಿಲ್ಲ. ನಿರಾಳವಾಗಬೇಕಿತ್ತು. ಎಲ್ಲಿ ಆಯಿತು? ಬೆನ್ನಿನ ನೋವು ಬೆನ್ನಲ್ಲೇ ಇತ್ತು.

ಲೋಟಗಳನ್ನು ತೊಳೆದು ತಿರುಗಿದರೆ ಲಿಫ್ಟಣ್ಣ ಇನ್ನೂ ಬಾಗಿಲ ಬಳಿ ಕೂತಿದ್ದ.

"ನೀವು ಹೊರಡ್ಲಿಲ್ವಾ ಅಣ್ಣ?"

"ಹೊರಡ್ತೀನಿ" ಅಂದ. ಏಳಲಿಲ್ಲ. "ಮುಂದಿನ ವಾರ ಎಲ್ಲಿ ಹೋಗಿ ಹೇಳ್ಲಿ ಅಂತ ಯೋಚನೆ ಮಾಡ್ತಿದ್ದೆ" ಅಂದ.

"ಏನನ್ನ?"

"ಆಗ್ಲಿಲ್ಲ ಅಂತ."

ಟೈಲರಮ್ಮನಿಗೆ ಅಷ್ಟು ದಣಿವಿನಲ್ಲೂ ಕಿರಿಕಿರಿಯಾಯಿತು. ಕೂಟ ಮುಚ್ಚಿಯಾಗಿದೆ, ಇನ್ನೆಲ್ಲಿಯ ನಿಯಮ! ಲೋಟಗಳನ್ನು ಚೀಲಕ್ಕೆ ತುರುಕುತ್ತ, "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ ಅಣ್ಣ. ಯಾಕೆ ಆಗ್ಲಿಲ್ಲ? ಬೀದಿ ಕೊನೆವರೆಗೆ ಹೆಂಡ್ತಿ ಜೊತೆ ಹೋಗಿ ಬರೋಕೆ ಅಷ್ಟು ಕಷ್ಟಾನಾ?" ಅಂದುಬಿಟ್ಟಳು.

"ಅವಳಿಲ್ಲ" ಅಂದ ಲಿಫ್ಟಣ್ಣ.

"ಊರಿಗೆ ಹೋಗಿದ್ದಾರಾ?"

"ಇಲ್ಲಮ್ಮ. ಹೋಗಿಬಿಟ್ಟಳು. ಬೇಸಿಗೆಗೆ ಮುಂಚೇನೇ."

ಬೇಸಿಗೆ ಮುಗಿದು ಆಗಲೇ ಎಷ್ಟೋ ದಿನವಾಗಿತ್ತು. ಹಾಗಾದರೆ ಇಷ್ಟೂ ವಾರ ಈ ಮನುಷ್ಯ ಬಂದು, ಇದೇ ಕುರ್ಚಿಯಲ್ಲಿ ಕೂತು, ಸತ್ತ ಹೆಂಡತಿಯ ಜೊತೆ ನಡೆಯಲಾಗಲಿಲ್ಲ ಅಂತ ಹೇಳಿದ್ದ. ತಾವೆಲ್ಲ ಒಕ್ಕೊರಲಿನಿಂದ 'ಮುಂದಿನ ವಾರ ನೋಡೋಣ' ಅಂದಿದ್ದರು. ಅವಳು ಚೀಲ ಕೆಳಗಿಟ್ಟು ಪಕ್ಕದ ಕುರ್ಚಿಯಲ್ಲಿ ಕೂತಳು. ಆ ಸಾಲು ಕುರ್ಚಿಗಳಲ್ಲಿ ಒಬ್ಬರು ಕೂತರೆ ಎಲ್ಲ ಅಲುಗುತ್ತವೆ. ಲಿಫ್ಟಣ್ಣನೂ ಸ್ವಲ್ಪ ಅಲುಗಿದ.

"ಅಯ್ಯೋ ದೇವರೇ. ಒಂದು ಮಾತು ಹೇಳ್ಬಾರದಿತ್ತಾ ಅಣ್ಣ?"

"ಹೇಳ್ತಾನೇ ಇದ್ನಲ್ಲ. ವಾರವಾರವೂ ಹೇಳಿದೆ."

"ನಾವು ಕೇಳ್ಬೇಕಿತ್ತು. ನಮ್ಮ ಬಾಯಿಗೆ ಬೆಂಕಿ ಹಾಕ."

"ಕೇಳ್ದೇ ಇದ್ರಲ್ಲ, ಅದಕ್ಕೇ ಬರ್ತಿದ್ದೆ" ಅಂದ ಲಿಫ್ಟಣ್ಣ. "ಬೇರೆ ಎಲ್ಲಿ ಹೋದ್ರೂ ಕೇಳ್ತಾರಮ್ಮ. ಹೇಗಾಯ್ತು, ಯಾವಾಗ ಗೊತ್ತಾಯ್ತು, ಯಾವ ಆಸ್ಪತ್ರೆ, ಮುಂಚೇನೇ ಯಾಕೆ ತೋರಿಸ್ಲಿಲ್ಲ. ನಮ್ಮ ಅಕ್ಕ ಅಂತೂ ಇವತ್ತಿಗೂ ಬಿಟ್ಟಿಲ್ಲ, ಮುಂಚೇನೇ ಯಾಕೆ ತೋರಿಸ್ಲಿಲ್ಲ ಅಂತ. ಇಲ್ಲಿ ಯಾರೂ ಕೇಳಲ್ಲ. ಮುಂದಿನ ವಾರ ನೋಡೋಣ ಅಂತೀರಿ. ಮುಂದಿನ ವಾರಾನೂ ಏನೂ ಇಲ್ಲ ಅಂತ ನನಗೂ ಗೊತ್ತು. ಆದ್ರೂ ಅಷ್ಟು ಜನ ಒಟ್ಟಿಗೆ ಅಂದಾಗ, ಏನೋ ಒಂಥರಾ ಚೆನ್ನಾಗಿರುತ್ತೆ."

ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಾನು ಹೆಮ್ಮೆಪಟ್ಟುಕೊಂಡ ನಿಯಮದ ಮೇಲೆ ಅವಳಿಗೆ ಅಸಹ್ಯವೂ ಆಯಿತು, ಅದೇ ನಿಯಮ ಒಬ್ಬನನ್ನು ಇಷ್ಟು ದಿನ ಎತ್ತಿ ನಿಲ್ಲಿಸಿತಲ್ಲ ಅಂತ ಸಮಾಧಾನವೂ ಆಯಿತು. ಎರಡರಲ್ಲಿ ಯಾವುದನ್ನು ನಂಬಬೇಕೋ ತಿಳಿಯಲಿಲ್ಲ. "ಹೋಗ್ಲಿ ಬಿಡಿ, ನಾನು ಬಿಡಲ್ಲ. ಮುಂದಿನ ವಾರಾನೂ ಬಂದು ಬಾಗಿಲು ತೆಗೀತೀನಿ" ಅಂದಳು. ಅಂದ ಕೂಡಲೇ ಮೈಯಲ್ಲಿದ್ದ ಅಷ್ಟಿಷ್ಟು ಕಸುವೂ ಇಳಿದುಹೋದ ಹಾಗಾಯಿತು.

"ಬೇಡಿ" ಅಂದ ಅವನು. "ನಿಮ್ಮ ಯಜಮಾನ್ರು ಮನೇಲಿದ್ದಾರೆ ಅಂದ್ರಲ್ಲ. ಹೋಗಿ. ನಾನು ಭಾನುವಾರ ಮಧ್ಯಾಹ್ನದ ಡ್ಯೂಟಿ ಹಾಕಿಸ್ಕೊಳ್ತಿದ್ದೆ. ಭಾನುವಾರವೂ ಜನ ಲಿಫ್ಟಲ್ಲಿ ಸಿಕ್ಕಿಹಾಕ್ಕೊಳ್ತಾರೆ ನೋಡಿ. ಅವಳು ಸಂಜೆ ಆರಕ್ಕೇ ಚಪ್ಪಲಿ ಹಾಕ್ಕೊಂಡು ಕಾಯ್ತಾ ಇರೋಳು. ನಾಳೆ ಹೋಗೋಣ ಬಿಡು ಅಂತಿದ್ದೆ. ಪಾಪ, ನಾಳೆ ಅಂದ್ರೆ ನಂಬೋಳು." ಎದ್ದು ಬಂದು ಮೇಜಿನ ಮೇಲಿನ ಕೀಲಿಕೈ ಎತ್ತಿ ಜೇಬಿಗೆ ಹಾಕಿಕೊಂಡ. "ಇದು ನನ್ನ ಹತ್ರ ಇರ್ಲಿ. ಬಾಗಿಲು ತೆಗೆದು ಕೂತಿರ್ತೀನಿ. ಬರೋರು ಬರ್ಲಿ."

"ಶನಿವಾರ ಎಲ್ಲರಿಗೂ ಫೋನ್ ಮಾಡಿ ನೆನಪು ಮಾಡ್ಬೇಕು."

"ನಾನು ಯಾರಿಗೂ ಫೋನ್ ಮಾಡಲ್ಲ. ಚಹಾನೂ ತರಲ್ಲ."

ಇಷ್ಟು ಸುಲಭವಾಗಿತ್ತೇ ಇದು! ಟೈಲರಮ್ಮನಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಖಾಲಿ ಫ್ಲಾಸ್ಕು ಎತ್ತಿಕೊಂಡು ಹೊರಟಳು. ಅಂಗಡಿಯ ಮುಂದೆಯೇ ಹಾದುಹೋದರೂ ಶಟರಿನ ಕಡೆ ತಿರುಗಿ ನೋಡಲಿಲ್ಲ. ಬೆನ್ನು ಬೇಡ ಅಂದರೂ ಕಾಲು ಬೇಗ ಬೇಗ ಹೆಜ್ಜೆ ಹಾಕುತ್ತಿತ್ತು. ಅವನು ಮಲಗಿದ್ದರೆ ಎಬ್ಬಿಸಿಬಿಡುವುದು. ಬೈದರೆ ಬೈಸಿಕೊಳ್ಳುವುದು. ರೀ, ಏಳಿ, ನಾನು ಬಂದೆ ಅನ್ನುವುದು.

ಮನೆಗೆ ಬೀಗ ಹಾಕಿತ್ತು.

ಅವಳು ಬೀಗವನ್ನು ಹಿಡಿದು ನೋಡಿದಳು, ತಮ್ಮದೇ ಹೌದೋ ಅಲ್ಲವೋ ಅನ್ನುವಂತೆ. ತಮ್ಮದೇ. ತನ್ನ ಹತ್ತಿರವಿದ್ದ ಕೀಲಿಕೈಯಿಂದ ತೆಗೆದು ಒಳಗೆ ಹೋದಳು. ಹಾಸಿಗೆ ನೀಟಾಗಿ ಮಡಿಸಿತ್ತು. ಒಂದು ಲೋಟ ತೊಳೆದು ಕವಿಚಿಟ್ಟಿತ್ತು. ಕಾರ್ಖಾನೆಯ ಬೂಟು ಇರಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಕಾರ್ಖಾನೆಯೊಳಗೆ ಫೋನ್ ಒಯ್ಯುವಂತಿಲ್ಲ, ಗೇಟಿನಲ್ಲೇ ಕೊಟ್ಟು ಹೋಗಬೇಕು. ಭಾನುವಾರ ಹಗಲಿನಲ್ಲಿ ಕಾರ್ಖಾನೆಯಲ್ಲಿ ಏನು ಕೆಲಸ?

ಮಂಚದ ತುದಿಯಲ್ಲಿ ಕೂತಳು. ಬೆಳಿಗ್ಗೆ ಅವನು ಕೂತಿದ್ದ ಜಾಗವೇ ಅದು. ಫ್ಯಾನು ಒಂದು ಸುತ್ತಿಗೊಮ್ಮೆ ಟಕ್ ಅನ್ನುತ್ತಿತ್ತು. ಪಕ್ಕದ ಮನೆಯಲ್ಲಿ ಅಪ್ಪ, ಅಮ್ಮ, ಮಕ್ಕಳು ಏನಕ್ಕೋ ಗುಲ್ಲೆಬ್ಬಿಸಿ ನಗುತ್ತಿದ್ದರು. ಗೋಡೆ ತೆಳು, ಮಾತು ತಿಳಿಯುವುದಿಲ್ಲ, ನಗು ಮಾತ್ರ ಚೆನ್ನಾಗಿ ಕೇಳುತ್ತದೆ. ಮಾಡಲು ಏನೂ ಇರಲಿಲ್ಲ. ಮಡಿಸಿದ ಹಾಸಿಗೆಯನ್ನೇ ಬಿಡಿಸಿ ಮತ್ತೆ ಮಡಿಸಿದಳು. ನೀರು ಕುಡಿದಳು. ಗಡಿಯಾರ ನೋಡಿದಳು. ಭಾನುವಾರದ ಮಧ್ಯಾಹ್ನ ಈ ಮನೆಯಲ್ಲಿ ಇಷ್ಟು ಉದ್ದವಿರುತ್ತದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಈಚೆಗೆ ಪ್ರತಿ ಭಾನುವಾರ ಸಂಜೆ ತಂತಿಯ ಮೇಲೆ ಅವನ ಸಮವಸ್ತ್ರ ಒದ್ದೆಯಾಗಿ ನೇತಾಡುತ್ತಿದ್ದದ್ದು, ಬಟ್ಟೆಸೋಪು ಬೇಗ ಬೇಗ ಮುಗಿಯುತ್ತಿದ್ದದ್ದು ಒಂದೊಂದಾಗಿ ನೆನಪಾಯಿತು. ಎಲ್ಲವನ್ನೂ ನೋಡಿದ್ದಳು. ಇದೇನ್ರೀ ಅಂತ ಒಂದು ಸಲವೂ ಬಾಯಿ ತೆರೆದು ಕೇಳಿರಲಿಲ್ಲ. ಅದು ನೆನಪಾಗಿ ಮುಖ ಕಿವುಚಿಕೊಂಡಳು.

ಅವನು ಬಂದಾಗ ಬಿಸಿಲು ಇಳಿಯತೊಡಗಿತ್ತು. ಮೊಣಕೈವರೆಗೂ ಮಸಿ, ಅಂಗಿ ಬೆನ್ನಿಗಂಟಿತ್ತು. ಹೊಸ್ತಿಲಲ್ಲೇ ನಿಂತುಬಿಟ್ಟ.

"ಯಾಕೆ, ಮೈ ಸರಿ ಇಲ್ವಾ?" ಅಂದ ಗಾಬರಿಯಿಂದ. ಅವಳು ಆ ಹೊತ್ತಿಗೆ ಮನೆಯಲ್ಲಿರಬೇಕೆಂದರೆ ಕಾಯಿಲೆಯೇ ಬಂದಿರಬೇಕು ಅಂತ ಅವನ ಲೆಕ್ಕ.

"ನೀವೆಲ್ಲಿಗೆ ಹೋಗಿದ್ರಿ?"

"ಓವನ್ ತೊಳೆಯೋಕೆ. ಭಾನುವಾರ ಆರಿಸಿರ್ತಾರಲ್ಲ, ಒಳಗೆ ಇಳಿದು ಕೆರೆದು ತೊಳೀಬೇಕು. ಜನ ಬೇಕು ಅಂದ್ರು. ಬರ್ತೀನಿ ಅಂದೆ."

"ರಾತ್ರಿಯಿಡೀ ಅದರ ಮುಂದೆ ನಿಂತು, ಮತ್ತೆ ಹಗಲು ಹೋಗಿ ಅದರೊಳಗೇ ಇಳೀತೀರಾ? ನಿದ್ದೆ ಬೇಡ್ವಾ ನಿಮಗೆ? ಎಷ್ಟು ದಿನದಿಂದ ನಡೀತಿದೆ ಇದು?"

"ಸುಮಾರು ದಿನ ಆಯ್ತು." ಅವನು ಗೋಡೆಗೊರಗಿ ಬೂಟು ಬಿಚ್ಚಲು ಕೂತ. 'ನಿನ್ನಿಂದಲೇ' ಅಂತ ಎಗರಿಬೀಳಬಹುದಿತ್ತು, ಬೀಳಲಿಲ್ಲ. ಸುಸ್ತಾದವರ ದನಿಯಲ್ಲಿ, ಬೇರೆ ಯಾರದೋ ಸುದ್ದಿ ಹೇಳುವವನ ಹಾಗೆ ಹೇಳಿದ: "ಬಂದು ಮಲಗ್ತಿದ್ದೆ. ಎಚ್ಚರ ಆದಾಗ ಮನೇಲಿ ಯಾರೂ ಇರ್ತಿರ್ಲಿಲ್ಲ. ನೀನು ಬರೋದು ಸಂಜೆ. ಕಾದೆ ಕಣೇ ಸ್ವಲ್ಪ ದಿನ. ಆಮೇಲೆ ಕಾಯೋದು ತಪ್ಪಿದ್ರೆ ಸಾಕು ಅನ್ಸಿಬಿಡ್ತು. ಅಲ್ಲಾದ್ರೆ ಜೊತೆಗೆ ನಾಲ್ಕು ಜನ ಇರ್ತಾರೆ, ಏನೋ ಒಂದು ಮಾತಾಡ್ಕೊಂಡು ಕೆಲ್ಸ ಮಾಡ್ತೀವಿ. ಈಗ ರೂಢಿ ಆಗಿಹೋಗಿದೆ."

ಮೂರು ವರ್ಷ ಬಿದ್ದು ಎದ್ದು ಯಾರ್ಯಾರಿಗೋ ಒಳ್ಳೆಯ ರೂಢಿ ಕಲಿಸಿದವಳು ಅವಳು. ತನ್ನ ಗಂಡನಿಗೆ ಕಲಿಸಿದ್ದು ಇದು, ತಾನಿಲ್ಲದೆ ಇರುವುದು. ಅವಳಿಗೆ ತಡೆಯಲಾಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತಳು. ಅವನು ಒಂದು ಬೂಟು ಕೈಯಲ್ಲಿ ಹಿಡಿದುಕೊಂಡು, ಏನು ಮಾಡಬೇಕೋ ತಿಳಿಯದೆ ನೋಡುತ್ತ ಕೂತ.

"ಬಿಟ್ಟುಬಿಟ್ಟೆ ರೀ" ಅಂದಳು ಕೊನೆಗೆ. "ಕೂಟ ಬಿಟ್ಟೆ. ಕೀಲಿಕೈ ಕೊಟ್ಟು ಬಂದೆ. ಇನ್ಮೇಲೆ ಭಾನುವಾರ ಮನೇಲೇ ಇರ್ತೀನಿ."

ಅವನು ನಂಬಿದನೋ ಇಲ್ಲವೋ ಮುಖದಿಂದ ಗೊತ್ತಾಗಲಿಲ್ಲ. "ಹೌದಾ" ಅಂದ. ಆಮೇಲೆ ಮೆಲ್ಲಗೆ, "ನಾನು ಇನ್ನೂ ಸ್ವಲ್ಪ ದಿನ ಬರ್ತೀನಿ ಅಂತ ಒಪ್ಕೊಂಡಿದೀನಲ್ಲೇ. ಬೇರೆಯವರು ಸಿಗೋವರೆಗೂ ಬಿಡಲ್ಲ ಅವರು" ಅಂದ.

"ಬೇರೆಯವರನ್ನ ಹುಡುಕ್ಕೊಳ್ಳಿ ಅಂತ ನಾಳೇನೇ ಹೇಳಿ."

"ಹೇಳ್ತೀನಿ."

"ಹೇಳ್ತೀನಿ ಅಲ್ಲ. ನಾನೇ ಬಂದು ಗೇಟಿನ ಹತ್ರ ನಿಂತು ಹೇಳ್ಲಾ?"

ಅವನಿಗೆ ಸಣ್ಣಗೆ ನಗು ಬಂತು. "ಬೇಡ ಮಾರಾಯ್ತಿ, ನಾನೇ ಹೇಳ್ತೀನಿ" ಅಂದ.

ಅವಳು ಎದ್ದು ಮುಖ ತೊಳೆದುಕೊಂಡು ಬಂದಳು. "ಏಳಿ, ಕೈ ತೊಳ್ಕೊಳ್ಳಿ. ಹೊರಗೆ ಹೋಗೋಣ."

"ಎಲ್ಲಿಗೆ?"

ಎಲ್ಲಿಗೆ ಅಂತ ಅವಳಿಗೂ ಗೊತ್ತಿರಲಿಲ್ಲ. "ಎಲ್ಲಿಗೋ. ಸುಮ್ನೆ. ಬೀದಿ ಕೊನೆವರೆಗೆ."

"ಕಾಲು ಎತ್ತೋಕಾಗ್ತಿಲ್ಲ ಕಣೇ. ನಾಳೆ ಹೋಗೋಣ ಬಿಡು."

"ನಾಳೆ ಗೀಳೆ ಏನೂ ಇಲ್ಲ" ಅಂತ ಅವಳು ಎಷ್ಟು ಗಟ್ಟಿಯಾಗಿ ಅಂದಳೆಂದರೆ ಪಕ್ಕದ ಮನೆಯ ನಗು ಒಂದು ಕ್ಷಣ ನಿಂತಿತು. ಅವನು ಕಣ್ಣರಳಿಸಿ ನೋಡಿದ. ಏನನ್ನೂ ಕೇಳದೆ ಚಪ್ಪಲಿ ಹಾಕಿಕೊಂಡ.

ಇಬ್ಬರೂ ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದರು. ಅವಳಿಗೆ ಬೆನ್ನು, ಅವನಿಗೆ ಮಂಡಿ. ಒಬ್ಬರು ನಿಂತರೆ ಇನ್ನೊಬ್ಬರೂ ನಿಲ್ಲುವುದು, ಮತ್ತೆ ಹೊರಡುವುದು. ನೋಡಿದವರು ಆಸ್ಪತ್ರೆಗೆ ಹೊರಟಿದ್ದಾರೆ ಅಂದುಕೊಂಡಿರಬೇಕು. ಬೀದಿಯ ಕೊನೆ ಎಲ್ಲಿ ಬಂತು! ಅರ್ಧ ದಾರಿಯಲ್ಲಿ, ಶಟರ್ ಎಳೆದಿದ್ದ ಒಂದು ಪಾತ್ರೆ ಅಂಗಡಿಯ ಮುಂದೆ ಅವನು, "ಇಲ್ಲೇ ಒಂದು ನಿಮಿಷ" ಅಂತ ಕಟ್ಟೆಯ ಮೇಲೆ ಕೂತುಬಿಟ್ಟ. ಅವಳೂ ಕೂತಳು.

ಏನಾದರೂ ಮಾತಾಡಬೇಕು ಅನಿಸಿತು. ಎಷ್ಟೊಂದು ಇತ್ತು. ಲಿಫ್ಟಣ್ಣನ ಸುದ್ದಿ ಹೇಳಬೇಕು, ಓವನ್ ಒಳಗೆ ಹೇಗಿರುತ್ತದೆ ಅಂತ ಕೇಳಬೇಕು, ಆ ನಾಲ್ಕು ಜನ ಯಾರು, ಏನು ಮಾತಾಡಿಕೊಳ್ಳುತ್ತಾರೆ ಅಂತ ಕೇಳಬೇಕು. ಎಲ್ಲಿಂದ ಹಿಡಿಯುವುದು ಅಂತ ಅವಳು ಹವಣಿಸುತ್ತಿರುವಾಗ ಅವನ ತಲೆ ಒಂದು ಸಲ ಜೋಲಿತು, ಮತ್ತೆ ನೆಟ್ಟಗಾಯಿತು, ಮತ್ತೆ ಜೋಲಿ ಅವಳ ಭುಜದ ಮೇಲೆ ಬಂದು ನಿಂತಿತು. ನಡುಬೀದಿಯಲ್ಲಿ, ಇನ್ನೂ ಬೆಳಕಿರುವಾಗಲೇ, ನಾಲ್ಕು ಜನ ಓಡಾಡುವ ಜಾಗದಲ್ಲಿ. ಅವಳು ಅತ್ತಿತ್ತ ನೋಡಿದಳು. ನೋಡಿದರೆ ನೋಡಲಿ ಅಂದುಕೊಂಡಳು. ಅವನ ಕೂದಲಲ್ಲಿ ಸುಟ್ಟ ಬ್ರೆಡ್ಡಿನ ವಾಸನೆಯಿತ್ತು. ಸ್ವಲ್ಪ ಹೊತ್ತಿಗೆ ಭುಜ ಜೋಮುಹಿಡಿಯಿತು, ಬೆನ್ನು ಸಿಡಿಯತೊಡಗಿತು. ಅವಳು ಮಿಸುಕಲಿಲ್ಲ.

ಪರಿಚಯದ ಗಿರಾಕಿಯೊಬ್ಬ ಆ ದಾರಿಯಲ್ಲಿ ಬಂದವನು ಅವಳನ್ನು ಕಂಡು ನಿಂತ. "ಏನ್ ಟೈಲರಮ್ಮ, ಅಂಗಡಿ ಬಾಗಿಲು ಹಾಕಿತ್ತಲ್ಲ? ನನ್ನ ಪ್ಯಾಂಟು ಇವತ್ತು ಕೊಡ್ತೀನಿ ಅಂದಿದ್ರಿ?" ಅಂತ ದೊಡ್ಡ ದನಿಯಲ್ಲಿ ಕೇಳಿದ.

"ಮೆಲ್ಲಗೆ ಮಾತಾಡಪ್ಪ" ಅಂದಳು ಟೈಲರಮ್ಮ. "ಇವ್ರಿಗೆ ಈಗ ತಾನೇ ನಿದ್ದೆ ಹತ್ತಿದೆ."